ರಘುನಾಥನ ಒಂದೇ ಶಾಟಿನ ವಿಡಿಯೋ

ಬಾಗಲಗುಂಟೆಯ ಮುಖ್ಯರಸ್ತೆಯಲ್ಲಿ ಒಂದು ಬೇಕರಿ ಇದೆ. ಅದರ ಮೇಲಿನ ಮಹಡಿಯಲ್ಲಿ ರಘುನಾಥನ ಸ್ಟುಡಿಯೋ. ಆ ಕಡೆ ಯಾರ ಮನೆಯಲ್ಲಾದರೂ ಮದುವೆ ಗೊತ್ತಾದರೆ ಛತ್ರ, ಅಡಿಗೆಯವರು, ಪುರೋಹಿತರು, ಇವರ ಬೆನ್ನಿಗೇ ರಘುನಾಥನನ್ನೂ ಗೊತ್ತು ಮಾಡಿಬಿಡುತ್ತಾರೆ. ಅವನ ವಿಡಿಯೋ ನೋಡಿ ಹೆಣ್ಣಿನ ತಾಯಿ ಅಳಲಿಲ್ಲವೆಂದರೆ ಅವನಿಗೆ ಊಟ ಸೇರುವುದಿಲ್ಲ. ಮತ್ತೆ ಕೂತು ಎಡಿಟ್ ಮಾಡುತ್ತಾನೆ. ಆ ತಾಯಿ ಅಳುವವರೆಗೂ ಬಿಡುವುದಿಲ್ಲ.

ಹುಟ್ಟಿ ಬೆಳೆದದ್ದು ಮತ್ತಿಕೆರೆಯಲ್ಲಿ. ಹತ್ತನೇ ತರಗತಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಒಬ್ಬ ವಿಡಿಯೋದವರ ಹಿಂದೆ ಲೈಟು ಹಿಡಿದುಕೊಂಡು ಮದುವೆಮನೆ ಸುತ್ತಲು ಶುರುಮಾಡಿದ. ಆಗಿನ್ನೂ ಕ್ಯಾಸೆಟ್ಟಿನ ಕಾಲ. ಆ ಲೈಟಿನ ಶಾಖಕ್ಕೆ ಅತ್ತ ಮದುಮಗಳ ಪೌಡರು ಕರಗುತ್ತಿತ್ತು, ಇತ್ತ ಇವನ ಅಂಗೈ ಸುಡುತ್ತಿತ್ತು. ಈಗ ಡ್ರೋನ್ ಹಾರಿಸುತ್ತಾನೆ, ಛತ್ರದ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ ನಿಲ್ಲಿಸುತ್ತಾನೆ. ಇಷ್ಟು ವರ್ಷದಲ್ಲಿ ಅವನು ಕಲಿತದ್ದು ಒಂದೇ ಪಾಠ. ಬದುಕನ್ನು ಇದ್ದಹಾಗೆ ತೋರಿಸಿದರೆ ನಾಯಿಯೂ ಮೂಸಿ ನೋಡುವುದಿಲ್ಲ. ಸ್ವಲ್ಪ ನಿಧಾನ ಮಾಡಬೇಕು, ಹಿಂದೆ ಒಂದು ಕೊಳಲು ಬಿಡಬೇಕು. ಅಕ್ಷತೆ ಕಾಳು ಗಾಳಿಯಲ್ಲಿ ತೇಲಬೇಕು, ಮದುಮಗಳು ಕಣ್ಣ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ನೋಡುವವರು ಒಂದು ಲೋಟ ಕಾಫಿ ಕುಡಿದು ಮುಗಿಸಿರಬೇಕು. ಜೊತೆಯವರು ಅವನನ್ನು ಸ್ಲೋ ಮೋಷನ್ ರಘು ಎಂದು ಆಡಿಕೊಳ್ಳುತ್ತಿದ್ದರು. ಅವನು ಅದನ್ನು ಬಿರುದು ಎಂದೇ ತಿಳಿದಿದ್ದ.

ಅವನ ಅಕ್ಕ ಕೃಷ್ಣಮ್ಮನನ್ನು ಚಿಕ್ಕಜಾಲಕ್ಕೆ ಕೊಟ್ಟಿದೆ. ತಾಯಿ ಬೇಗ ತೀರಿಕೊಂಡಿದ್ದರಿಂದ ರಘುನಾಥನ ತಲೆಗೆ ಎಣ್ಣೆ ತಟ್ಟಿದವಳೂ ಅವಳೇ, ಬೆನ್ನಿಗೆ ಬಾರಿಸಿದವಳೂ ಅವಳೇ. ಭಾವ ವೆಂಕಟರಾಮಯ್ಯ ಹೊಲ ಮಾಡಿಕೊಂಡಿದ್ದವರು. ಏರ್‌ಪೋರ್ಟ್ ರಸ್ತೆ ಬಂದ ಮೇಲೆ ಹೊಲ ಸೈಟುಗಳಾದವು, ಮಗ ಅಶ್ವತ್ಥ್ ಬಿಲ್ಡರ್ ಆದ, ಹಳೇ ಮನೆಗೆ ಪೋರ್ಟಿಕೋ ಬಂತು, ಪೋರ್ಟಿಕೋ ಮೂಲೆಗೆ ಸಿಸಿ ಕ್ಯಾಮೆರಾ ಬಂತು. ಭಾವ ಮಾತ್ರ ಜಪ್ಪಯ್ಯ ಅಂದರೂ ಬದಲಾಗಲಿಲ್ಲ. ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಒಂದು ಹಸು ಕಟ್ಟಿಕೊಂಡು, ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ರಘುನಾಥನಿಗೆ ಮೊದಲ ಕ್ಯಾಮೆರಾ ಕೊಡಿಸಿದ್ದು ಈ ಭಾವ. ಕೊಡಿಸಿದ್ದನ್ನು ಒಂದು ದಿನವೂ ಎತ್ತಿ ಆಡಿದವರಲ್ಲ.

ಹೋದ ಯುಗಾದಿಯ ಹೊತ್ತಿಗೆ ಭಾವನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಅಂದಿನಿಂದ ಕೃಷ್ಣಮ್ಮನ ನೆಮ್ಮದಿ ಹಾರಿಹೋಯಿತು. ಹಗಲು ಹೊತ್ತು ಮಗ ಕಟ್ಟಡದ ಕೆಲಸದ ಮೇಲೆ ಹೋಗಿರುತ್ತಿದ್ದ. ಬಚ್ಚಲಮನೆಯಲ್ಲಿ ನೀರಿನ ಸದ್ದು ನಿಂತರೆ ಸಾಕು, ಇವಳು ಹೋಗಿ ಬಾಗಿಲು ತಟ್ಟುತ್ತಿದ್ದಳು. ತಮ್ಮನಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು.

"ಮತ್ತೆ ಅಂಗೇನಾದ್ರೂ ಆದ್ರೆ ನಾನೊಬ್ಳೇ ಏನೋ ಮಾಡ್ಲಿ ರಘು?"

ಬಿಡುವಾದಾಗ ಬಂದು ನೋಡುತ್ತೇನೆ ಅಂತ ಹೇಳಿ ಅವನು ಫೋನ್ ಇಡುತ್ತಿದ್ದ.

ಇಂಥ ಹೊತ್ತಿನಲ್ಲಿ ಆಶಾರಾಣಿ ಮೇಡಂ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರು. ಮತ್ತಿಕೆರೆಯ ಹತ್ತಿರ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು. ಹೃದಯ ನಿಂತು ಕುಸಿದುಬಿದ್ದವರ ಎದೆ ಒತ್ತಿ, ಆಂಬುಲೆನ್ಸ್ ಬರುವವರೆಗೂ ಜೀವ ಹಿಡಿದಿಡುವುದು ಹೇಗೆ ಅಂತ ಮನೆಮನೆಯ ಹೆಂಗಸರಿಗೆ, ಅಂಗಡಿಯವರಿಗೆ, ಆಟೋದವರಿಗೆ ಕಲಿಸುವ ಯೋಚನೆ ಅವರದು. ತರಗತಿಗೆ ಕರೆದರೆ ಯಾರೂ ಬರುವುದಿಲ್ಲ. ಒಂದು ವಿಡಿಯೋ ಇದ್ದರೆ ಜನ ಮನೆಯಲ್ಲೇ ದಿಂಬು ಇಟ್ಟುಕೊಂಡು, ಅದನ್ನು ನೋಡುತ್ತ ನೋಡುತ್ತಲೇ ಕೈಯಲ್ಲಿ ಒತ್ತಿ ಕಲಿಯಬಹುದು. ಅವರ ಮಾತು ಕೇಳುತ್ತಿದ್ದಂತೆ ರಘುನಾಥನಿಗೆ ಅಕ್ಕನ ಮುಖ ಕಣ್ಣೆದುರು ಬಂತು. ಏನೂ ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ ಅಂದ.

ಕಾಲೇಜಿನಿಂದ ಸೊಂಟದವರೆಗಿನ ಒಂದು ಗೊಂಬೆ ತಂದು ಸ್ಟುಡಿಯೋದ ನೆಲದ ಮೇಲೆ ಮಲಗಿಸಿದರು. ಆಶಾರಾಣಿ ಒಂದೊಂದಾಗಿ ಮಾಡಿ ತೋರಿಸಿದರು. ಭುಜ ಅಲ್ಲಾಡಿಸಿ ಕೂಗಿ ನೋಡಬೇಕು. ಉಸಿರಿಲ್ಲದಿದ್ದರೆ ನೂರೆಂಟಕ್ಕೆ ಫೋನ್ ಮಾಡಿಸಬೇಕು. ಅಂಗೈಯ ಬುಡವನ್ನು ಎದೆಯ ನಡುಮಧ್ಯೆ ಊರಿ, ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಬಗ್ಗಿಸದೆ ಜೋರಾಗಿ, ಬೇಗಬೇಗ ಒತ್ತುತ್ತಲೇ ಇರಬೇಕು. ಅವರು ಹೇಳುತ್ತಿದ್ದರು, ರಘುನಾಥ ಶೂಟ್ ಮಾಡುತ್ತಿದ್ದ. ಆದರೆ ಅವನ ಕಿವಿ ಕೆಲಸ ಮಾಡುತ್ತಿರಲಿಲ್ಲ, ಕಣ್ಣು ಮಾತ್ರ ಮಾಡುತ್ತಿತ್ತು. ಮೇಡಂ ಕೈಬಳೆಯ ಮೇಲೆ ಬೆಳಕು ಚೆನ್ನಾಗಿ ಬೀಳುತ್ತಿತ್ತು.

"ಯಾರಿಗೂ ಕಳಿಸೋಕೆ ಮುಂಚೆ ನಂಗೆ ತೋರಿಸಿ," ಎಂದು ಹೇಳಿ ಅವರು ಪರೀಕ್ಷೆ ಡ್ಯೂಟಿಗೆ ತುಮಕೂರಿಗೆ ಹೋದರು.

ಎಡಿಟ್ ಮಾಡಲು ಕೂತಾಗ ರಘುನಾಥನ ಮನಸ್ಸಿಗೆ ಆ ದೃಶ್ಯ ಒಗ್ಗಲಿಲ್ಲ. ಮರ್ಯಾದಸ್ಥ ಹೆಂಗಸೊಬ್ಬರು ಗೊಂಬೆಯ ಮೇಲೆ ಬಿದ್ದು ಗುದ್ದಿದ ಹಾಗೆ ಕಾಣುತ್ತಿತ್ತು. ಜೀವ ಉಳಿಸುವ ಕೆಲಸ, ದೇವರ ಕೆಲಸ, ಅದು ಇಷ್ಟು ಒರಟಾಗಿದ್ದರೆ ಹೇಗೆ? ಅಭ್ಯಾಸಬಲದಿಂದ ಕೈ ತಾನಾಗಿಯೇ ಸ್ಲೋ ಮೋಷನ್ ಗುಂಡಿಗೆ ಹೋಯಿತು. ಈಗ ಮೇಡಂ ಕೈಗಳು ಪೂಜೆಯಲ್ಲಿ ಆರತಿ ಎತ್ತಿದಷ್ಟು ಸಮಾಧಾನವಾಗಿ ಕೆಳಗಿಳಿದವು, ಸಮಾಧಾನವಾಗಿ ಮೇಲೆದ್ದವು. ಅವರ ಮಾತು ತೆಗೆದು ಕೊಳಲು ಹಾಕಿದ. ಕೊನೆಯಲ್ಲಿ ಮದುವೆ ಟೆಂಪ್ಲೇಟಿನ ಎರಡು ಹೃದಯಗಳು ಬಂದು ಕೂಡಿಕೊಂಡವು, ಗುಲಾಬಿ ಎಸಳು ಉದುರಿದವು. ತಾನೇ ನೋಡಿ ತಾನೇ ಕಣ್ಣೊರೆಸಿಕೊಂಡ. ಮೇಡಂ ಬರುವವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು, ಅಕ್ಕನಿಗೆ ಕಳಿಸಿದ. ಆ ಖುಷಿಯಲ್ಲೇ ಕುಟುಂಬದ ಗುಂಪಿಗೆ, ಛತ್ರದವರ ಗುಂಪಿಗೆ, ಹಳೇ ಗಿರಾಕಿಗಳ ಗುಂಪಿಗೂ ಹಾಕಿದ.

ಹೊಗಳಿಕೆ ಸುರಿಯಿತು. ಕೃಷ್ಣಮ್ಮ ಅಂದೇ ಫೋನ್ ಮಾಡಿದಳು.

"ಎಷ್ಟ್ ಚೆನ್ನಾಗ್ ಮಾಡಿದ್ಯೋ. ದೇವ್ರ ಮುಂದೆ ಕೂತಂಗಾಯ್ತು. ಬೆಳಗ್ಗೆ ದೀಪ ಹಚ್ಚಿದ್ ಮೇಲೆ ಒಂದ್ಸಲ ನೋಡ್ಕೊಂಡು ದಿಂಬು ಒತ್ತೀನಿ. ಈಗ ಧೈರ್ಯ ಬಂದದೆ ಕಣೋ."

ಹಿಂದಿನಿಂದ ಭಾವನ ದನಿ ಕೇಳಿಸಿತು. "ರಘುಂಗೆ ದಿಂಬಿನ ಹತ್ತಿ ಈಚೆಗೆ ಬಂದದೆ ಅಂತ ಏಳು. ನಾನಿನ್ನೂ ಗಟ್ಟಿಯಾಗೇ ಇವ್ನಿ."

ರಘುನಾಥ ಆ ವಾರ ಇಡೀ ಎದೆಯುಬ್ಬಿಸಿಕೊಂಡು ಓಡಾಡಿದ.

ಆಶಾರಾಣಿ ತುಮಕೂರಿನಿಂದ ಬಂದವರು ನೇರವಾಗಿ ಸ್ಟುಡಿಯೋಕ್ಕೆ ಬಂದು ವಿಡಿಯೋ ನೋಡಿದರು. ಕೊಳಲು ಮುಗಿದ ಮೇಲೆ ಪರದೆಯತ್ತ ಬೆರಳು ತೋರಿಸಿದರು.

"ರಘುನಾಥ್ ಅವರೇ, ನನ್ನ ಕೈ ಯಾಕೆ ಹಿಂಗೆ ತೇಲ್ತಾ ಇದೆ?"

"ಸ್ಲೋ ಮೋಷನ್ ಹಾಕಿದೀನಿ ಮೇಡಂ. ಫೀಲ್ ಬರ್ಬೇಕಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಹೃದಯ ನಿಂತಾಗ ಅದರ ಕೆಲಸವನ್ನು ನಮ್ಮ ಕೈ ಮಾಡಬೇಕು. ನಿಮಿಷಕ್ಕೆ ನೂರಕ್ಕಿಂತ ಹೆಚ್ಚು ಸಲ ಒತ್ತಿದರೆ ಮಾತ್ರ ರಕ್ತ ಮಿದುಳಿನವರೆಗೆ ಹೋಗುತ್ತದೆ. ನಿಮ್ಮ ವಿಡಿಯೋದ ಹಾಗೆ ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಒತ್ತುವವರಿಗೆ ತಾವು ಏನೋ ಮಾಡುತ್ತಿದ್ದೇವೆ ಅನ್ನಿಸುತ್ತಿರುತ್ತದೆ, ಮಲಗಿದವರು ಹೋಗುತ್ತಿರುತ್ತಾರೆ.

"ಇದನ್ನ ಯಾರಿಗೂ ಕಳಿಸಿಲ್ಲ ತಾನೇ?"

ರಘುನಾಥ ಮೊಬೈಲು ತೆಗೆದು ತಾನು ಕಳಿಸಿದ ಗುಂಪುಗಳನ್ನು ತೋರಿಸಿದ. ಅವನಿಗೆ ಕಂಡದ್ದು ಒಂದೇ ಚಿತ್ರ. ದೀಪ ಹಚ್ಚಿ, ಕಣ್ಣಿಗೊತ್ತಿಕೊಂಡು, ಅಕ್ಕ ದಿಂಬಿನ ಮುಂದೆ ಮಂಡಿಯೂರಿ ಕೂತಿದ್ದಾಳೆ. ದಿನವೂ ತಪ್ಪದೆ, ಅಷ್ಟೇ ನಿಧಾನವಾಗಿ ಒತ್ತುತ್ತಿದ್ದಾಳೆ. ಅಕ್ಕ ಒಮ್ಮೆ ಕಲಿತದ್ದನ್ನು ಜನ್ಮದಲ್ಲಿ ಬಿಡುವವಳಲ್ಲ.

ಗುಂಪುಗಳಿಂದ ವಿಡಿಯೋ ಅಳಿಸಲು ನೋಡಿದ. ಅಷ್ಟರಲ್ಲಿ ಅದು ಎಲ್ಲೆಲ್ಲಿಗೋ ಹೋಗಿಯಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂದ ಹಿರಿಯರಿಗೆ ವಾಟ್ಸ್ಯಾಪ್ ಗೊತ್ತಿರಲಿಲ್ಲ. ಗೊತ್ತಿದ್ದರೆ ಫಾರ್ವರ್ಡ್ ಅನ್ನೂ ಸೇರಿಸುತ್ತಿದ್ದರು.

"ಈಗ್ಲೇ ಇನ್ನೊಂದು ಮಾಡೋಣ," ಅಂದರು ಆಶಾರಾಣಿ. "ಎರಡು ನಿಮಿಷ. ಒಂದೇ ಶಾಟ್. ಕಟ್ ಇಲ್ಲ, ಮ್ಯೂಸಿಕ್ ಇಲ್ಲ. ನೋಡೋರು ನನ್ನ ಜೊತೆ ಜೊತೆಗೇ ಒತ್ತಬೇಕು, ಕೈ ಸೋಲೋದು ಅವರಿಗೆ ಗೊತ್ತಾಗಬೇಕು."

"ಎರಡು ನಿಮಿಷ ಒಂದೇ ಶಾಟ್ ಇಟ್ರೆ ಜನ ಎದ್ದು ಹೋಗ್ತಾರೆ ಮೇಡಂ."

"ಹೋಗೋರು ಹೋಗ್ಲಿ. ಇರೋರು ಕಲೀಲಿ."

ಗೊಂಬೆ ಮತ್ತೆ ಬಂತು. ರಘುನಾಥ ಕ್ಯಾಮೆರಾ ನಿಲ್ಲಿಸಿ ಕೈಕಟ್ಟಿಕೊಂಡು ನಿಂತ. ಅವನ ಬದುಕಿನಲ್ಲೇ ಅಷ್ಟು ಉದ್ದನೆಯ ಎರಡು ನಿಮಿಷ ಬಂದಿರಲಿಲ್ಲ. ಗೊಂಬೆಯ ಎದೆಯೊಳಗಿನ ಸ್ಪ್ರಿಂಗು ಟಕಟಕ ಎನ್ನುತ್ತಿತ್ತು, ಮೇಡಂ ಉಸಿರು ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತು, ಜಡೆಯಿಂದ ಕೂದಲು ಬಿಚ್ಚಿ ಹಣೆಗೆ ಅಂಟುತ್ತಿತ್ತು. ಇಷ್ಟು ವಿಕಾರವಾದ ವಿಡಿಯೋ ತನ್ನ ಸ್ಟುಡಿಯೋದಿಂದ ಹೊರಗೆ ಹೋಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಇನ್ನೊಂದು ಸಲ ಮಾಡಿದ, ಎತ್ತಲಿಲ್ಲ. ಭಾವನ ಫೋನ್ ಸ್ವಿಚ್ ಆಫ್. ಸ್ಕೂಟರ್ ಹತ್ತಿ ಹೊರಟುಬಿಟ್ಟ. ಜಾಲಹಳ್ಳಿ ದಾಟುವವರೆಗೆ ಸಮಾಧಾನವಾಗಿದ್ದ, ಯಲಹಂಕದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಸುಮ್ಮಸುಮ್ಮನೆ ಹಾರನ್ ಒತ್ತತೊಡಗಿದ. ಏರ್‌ಪೋರ್ಟ್ ರಸ್ತೆಯಲ್ಲಿ ಆಂಬುಲೆನ್ಸೊಂದು ಎದುರಿನಿಂದ ಕೂಗಿಕೊಂಡು ಬಂದಾಗ, ಅದು ಚಿಕ್ಕಜಾಲದ ಕಡೆಯಿಂದಲೇ ಬರುತ್ತಿದೆ ಅನ್ನಿಸಿ ತಿರುಗಿ ತಿರುಗಿ ನೋಡಿದ. ತಾನು ಈವರೆಗೆ ಎಳೆದು ನಿಧಾನ ಮಾಡಿದ ನೂರಾರು ಮದುವೆಗಳು ಒಟ್ಟಾಗಿ ತನ್ನ ಸ್ಕೂಟರನ್ನು ಹಿಂದಕ್ಕೆ ಜಗ್ಗುತ್ತಿವೆಯೆಂದು ಅವನಿಗೆ ತೋರಿತು.

ಗೇಟು ತೆಗೆದರೆ, ಭಾವ ಪೋರ್ಟಿಕೋದಲ್ಲಿ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ರಘುನಾಥನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ.

"ಏನಪ್ಪಾ, ಅವ್ರೆಬೇಳೆ ವಾಸ್ನೆ ಬಾಗಲಗುಂಟೆಗಂಟ ಬಂತಾ?" ಅಂದರು ಭಾವ.

ಅಕ್ಕನ ಫೋನು ಒಳಗೆ ಚಾರ್ಜಿಗೆ ಹಾಕಿತ್ತು. ಭಾವನದು ಚಾರ್ಜು ಮುಗಿದು ಸತ್ತಿತ್ತು. ಇಷ್ಟೇ ಸಂಗತಿ.

ಆದರೆ ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಅವನು ಹೊಸ ವಿಡಿಯೋ ತೋರಿಸಿದ. ಕೃಷ್ಣಮ್ಮ ಮೂಗು ಮುರಿದಳು.

"ಇದ್ಯಾಕೋ ಇಂಗೆ? ಆಯಮ್ಮ ಯಾರ್ನೋ ಒಡೀತಾ ಇರಂಗದೆ. ಮೊದಲ್ನೇದೇ ಚೆಂದಾಗದೆ, ಅದೇ ಇರ್ಲಿ ಬಿಡು."

"ಅಕ್ಕ, ಮೊದಲ್ನೇದು ತಪ್ಪು."

"ತಪ್ಪು ಅಂದ್ರೆ? ನೀನೇ ಮಾಡಿದ್ದಲ್ವಾ?"

ಈ ಪ್ರಶ್ನೆಯಲ್ಲಿದ್ದ ನಂಬಿಕೆ ಅವನಿಗೆ ಹೊಡೆತಕ್ಕಿಂತ ಹೆಚ್ಚು ನೋವು ಕೊಟ್ಟಿತು. ರಕ್ತ, ಮಿದುಳು, ನಿಮಿಷಕ್ಕೆ ನೂರು, ಏನು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಟಿವಿಯ ಪಕ್ಕದಲ್ಲಿ ನಾಗಲಕ್ಷ್ಮಿಯ ಮದುವೆ ಫೋಟೋ ಇತ್ತು. ನಾಗಲಕ್ಷ್ಮಿ ಅಕ್ಕನ ಮಗಳು, ಅವಳ ಮದುವೆ ವಿಡಿಯೋ ರಘುನಾಥನ ಕೈಚಳಕದ ಶಿಖರ. ಅದನ್ನು ಈ ಮನೆಯವರು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಅವನಿಗೆ ತಟ್ಟನೆ ಏನೋ ಹೊಳೆಯಿತು.

"ಅಕ್ಕ, ನಾಗು ಮದುವೆ ವಿಡಿಯೋದಲ್ಲಿ ಭಾವ ಧಾರೆ ಎರೀತಾರಲ್ಲ, ಆ ನೀರು ಹೆಂಗ್ ಬೀಳುತ್ತೆ?"

"ಒಂದೊಂದೇ ಹನಿ, ಮುತ್ತು ಉದುರ್ದಂಗೆ."

"ಅವತ್ತು ನಿಜವಾಗ್ಲೂ ಹಂಗೇ ಬಿತ್ತಾ?"

ಕೃಷ್ಣಮ್ಮ ಯೋಚಿಸಿದಳು. ಆಮೇಲೆ ನಗು ಬಂತು. "ಎಲ್ಲಿ ಬಿತ್ತು. ಇವ್ರ ಕೈ ನಡುಗಿ, ಗಿಂಡಿ ಬಗ್ಗಿ, ನೀರೆಲ್ಲ ಗಳಕ್ ಅಂತ ಪುರೋಹಿತರ ಪಂಚೆ ಮೇಲೆ ಓಯ್ತು."

"ನಾನೇನ್ ಮಾಡಲಿ, ಮಗಳನ್ನ ಕೊಡ್ತಾ ಇದ್ದೆ," ಅಂದರು ಭಾವ ಹೊರಗಿನಿಂದಲೇ.

"ಆ ನಡುಕ ವಿಡಿಯೋದಲ್ಲಿ ಕಾಣಿಸುತ್ತಾ?"

"ಇಲ್ಲ."

"ನಾನು ಎಳೆದು ನಿಧಾನ ಮಾಡ್ದೆ ಅಕ್ಕ. ಅದಕ್ಕೇ ಕಾಣಲ್ಲ. ಇದ್ರಲ್ಲೂ ಅದೇ ಕೆಲಸ ಮಾಡಿದೀನಿ. ಮೇಡಂ ಜೋರಾಗೇ ಒತ್ತಿದ್ರು. ಹಾಳು ಮಾಡಿದವನು ನಾನು."

ಕೃಷ್ಣಮ್ಮನ ನಗು ನಿಂತಿತು. ತಮ್ಮನ ಮುಖವನ್ನು ನೋಡಿ, ಒಳಗೆ ಹೋಗಿ ದಿಂಬು ತಂದಳು. ಹೊಸ ವಿಡಿಯೋ ಹಾಕಿಕೊಂಡು ಒತ್ತಿದಳು. ಮೊದಲು ನಾಲ್ಕು ಸಲ ಚುರುಕಾಗಿ ಹೋದ ಕೈ ಮತ್ತೆ ಹಳೇ ದಾರಿ ಹಿಡಿದು ತೇಲತೊಡಗಿತು. ಮತ್ತೆ ಮಾಡಿದಳು, ಮತ್ತೆ ತೇಲಿತು.

"ಗೊತ್ತಾಯ್ತು ಕಣೋ. ಆದ್ರೆ ಕೈಗೆ ಅದೇ ಬತ್ತದೆ," ಅಂದಳು. ಅವಳಿಗೂ ಅಳು ಬರುವಂತಿತ್ತು.

ರಘುನಾಥ ಅವರೆಬೇಳೆ ಸಾರು, ಮುದ್ದೆ ಉಂಡು ಹೊರಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ, ಅಂದಿನಿಂದ ಆ ವಿಕಾರ ವಿಡಿಯೋವನ್ನು ಮೊಬೈಲಿನಲ್ಲಿಟ್ಟುಕೊಂಡು ಊರೆಲ್ಲ ತಿರುಗಿದ. ಯಾರು ಯಾರು ಹಳೆಯದನ್ನು ಹೊಗಳಿದ್ದರೋ ಅವರ ಮುಂದೆ ಕೂತು ಹೊಸದನ್ನು ತೋರಿಸಿ, ಕೈ ಹಿಡಿದು ಒತ್ತಿಸಿದ. ಛತ್ರದಲ್ಲಿ ಊಟಕ್ಕೆ ಮುಂಚೆ ಎಲ್‌ಇಡಿ ಪರದೆಯ ಮೇಲೆ ಹಾಕುತ್ತೇನೆ ಎಂದಾಗ, ಶುಭಕಾರ್ಯದಲ್ಲಿ ಇದೆಂಥ ಅಪಶಕುನ ಅಂತ ಎರಡು ಮನೆಯವರು ಉಗಿದರು. ಒಬ್ಬರು ಒಪ್ಪಿದರು, ಅಡಿಗೆ ಇನ್ನೂ ಆಗಿರಲಿಲ್ಲ, ಅದಕ್ಕೆ. ಅವನಿಗೆ ಎಲ್ಲವೂ ಸರಿಯೇ. ಒಂದು ಮಾತ್ರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅಕ್ಕನ ಕೈ ಸರಿಹೋಯಿತೋ ಇಲ್ಲವೋ? ಫೋನಿನಲ್ಲಿ ಕೇಳಿದರೆ "ಊಂ, ಮಾಡ್ತಾ ಇವ್ನಿ" ಅನ್ನುತ್ತಿದ್ದಳು. ಕೈ ಕಾಣುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಶ್ವತ್ಥ್ ಫೋನ್ ಮಾಡಿದ.

"ಮಾವ, ಅಪ್ಪ ಬಿದ್ಬಿಟ್ರು. ನಾನು ಸೈಟ್ ಹತ್ರ ಇದ್ದೆ. ಆಂಬುಲೆನ್ಸಲ್ಲಿ ಹೆಬ್ಬಾಳದ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದಾರೆ. ಬೇಗ ಬನ್ನಿ."

ರಘುನಾಥ ಹೋದಾಗ ಭಾವನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಅಕ್ಕ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದಳು. ಮುಡಿ ಬಿಚ್ಚಿಹೋಗಿತ್ತು, ಎರಡೂ ಅಂಗೈ ಕೆಂಪಾಗಿದ್ದವು. ಜೊತೆಗೆ ಎದುರು ಮನೆಯ ದ್ರೌಪದಮ್ಮ ಇದ್ದಳು. ಅವನು ಅಕ್ಕನ ಪಕ್ಕ ಕೂತು, ಕೇಳಬಾರದು ಅಂದುಕೊಂಡರೂ ತಡೆಯಲಾರದೆ ಕೇಳಿದ.

"ಹೆಂಗ್ ಒತ್ತಿದೆ ಅಕ್ಕ?"

"ಗೊತ್ತಿಲ್ಲ ಕಣೋ. ಒತ್ತಿದೆ ಅಂತ ಗೊತ್ತು. ಎಂಗೆ ಅಂತ ಒಂದೂ ಗ್ಯಾಪಕ ಇಲ್ಲ."

ದ್ರೌಪದಮ್ಮನನ್ನು ನೋಡಿದ. "ನಾನು ಫೋನ್ ಮಾಡ್ಬುಟ್ಟು ಆಂಬುಲೆನ್ಸ್ನೋರಿಗೆ ದಾರಿ ತೋರ್ಸಕ್ಕೆ ಗೇಟ್ತಾವ ಓಡ್ದೆ ಕಣಪ್ಪ. ನಾ ಕಾಣೆ," ಅಂದಳು ಅವಳು.

ಡಾಕ್ಟರು ಹೊರಗೆ ಬಂದರು. ಆಂಬುಲೆನ್ಸಿನವರು ಎದೆಗೆ ಕರೆಂಟ್ ಕೊಟ್ಟ ಮೇಲೆ ಹೃದಯ ಮತ್ತೆ ಬಡಿಯುತ್ತಿದೆ, ಇನ್ನೂ ಪ್ರಜ್ಞೆ ಬಂದಿಲ್ಲ ಅಂದರು. ಹೃದಯ ನಿಂತಿದ್ದಾಗ ಮಿದುಳಿಗೆ ಎಷ್ಟು ರಕ್ತ ಹೋಗಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬಿದ್ದದ್ದು ಯಾವಾಗ, ಒತ್ತಲು ಶುರುಮಾಡಿದ್ದು ಯಾವಾಗ? ಯಾರಿಗೂ ಗೊತ್ತಿರಲಿಲ್ಲ. ಅಶ್ವತ್ಥ್‌ಗೆ ಪೋರ್ಟಿಕೋದ ಕ್ಯಾಮೆರಾ ನೆನಪಾಯಿತು. ಅವನ ಮೊಬೈಲಿನಲ್ಲೇ ಅದರ ರೆಕಾರ್ಡಿಂಗ್ ನೋಡಬಹುದಿತ್ತು. ಆದರೆ ಅವನು ಮೊಬೈಲನ್ನು ರಘುನಾಥನ ಕಡೆ ಚಾಚಿದ.

"ನನ್ ಕೈಲಿ ಆಗಲ್ಲ. ನೀವೇ ನೋಡಿ ಮಾವ."

ರಘುನಾಥ ಫೋನ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದ. ಆ ಪುಟ್ಟ ಪರದೆಯ ಮೇಲೆ ಭಾವ ಕುರ್ಚಿಯಲ್ಲಿ ಕೂತಿದ್ದರು, ಆಚೆ ಹಸು ಕಟ್ಟಿತ್ತು. ಭಾವ ಏನನ್ನೋ ಹುಡುಕುವವರಂತೆ ಪಕ್ಕಕ್ಕೆ ವಾಲಿ ನೆಲಕ್ಕೆ ಬಿದ್ದರು. ಅಕ್ಕ ಕಾಫಿ ಲೋಟ ಹಿಡಿದು ಬಂದಳು, ಲೋಟ ಬಿತ್ತು. ಭುಜ ಹಿಡಿದು ಅಲ್ಲಾಡಿಸಿದಳು. ಗೇಟಿನ ಕಡೆ ತಿರುಗಿ ಕೂಗಿದಳು, ದ್ರೌಪದಮ್ಮ ಓಡಿಬಂದಳು, ಫೋನ್ ಕಿವಿಗಿಟ್ಟುಕೊಂಡು ಮತ್ತೆ ಹೊರಗೆ ಓಡಿದಳು. ಅಕ್ಕ ಮಂಡಿಯೂರಿದಳು. ಎರಡು ಕೈ ಜೋಡಿಸಿ ಗಂಡನ ಎದೆಯ ಮೇಲೆ ಇಟ್ಟಳು.

ಮೊದಲನೇ ಒತ್ತು ತೇಲಿತು. ಎರಡನೆಯದೂ ತೇಲಿತು. ಅದೇ ಆರತಿಯ ಕೈ, ಅದೇ ಕೊಳಲಿನ ನಿಧಾನ. ರಘುನಾಥ ಕಿಟಕಿಯ ಸರಳು ಹಿಡಿದುಕೊಂಡ. ಭಾವನನ್ನು ನಾನೇ ಕೊಂದೆ ಅಂದುಕೊಂಡ.

ಅಷ್ಟರಲ್ಲಿ ಅಕ್ಕ ಕೈ ತೆಗೆದಳು. ಒಂದು ಗಳಿಗೆ ತನ್ನ ಅಂಗೈಗಳನ್ನೇ ನೋಡಿಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ನೆಟ್ಟಗೆ ಮಾಡಿ, ಮತ್ತೆ ಒತ್ತಿದಳು. ಈಗ ಅವಳ ಕೈಗಳು ಓಡಿದವು. ಎಷ್ಟು ಬೇಗ ಓಡಿದವು ಅಂದರೆ, ರಘುನಾಥನಿಗೆ ಅನುಮಾನ ಬಂತು. ರೆಕಾರ್ಡಿಂಗ್ ಎಲ್ಲೋ ಫಾಸ್ಟ್ ಆಗಿ ಓಡುತ್ತಿರಬೇಕು. ಇಷ್ಟು ವರ್ಷ ವೇಗ ಏರಿಸಿ ಇಳಿಸಿ ಬದುಕಿದವನಿಗೆ ಕಣ್ಣೆದುರಿನದನ್ನು ನಂಬುವುದು ಅಷ್ಟು ಸುಲಭವಲ್ಲ. ಬೆರಳಿಟ್ಟು ನೋಡಿದ. ಒನ್ ಎಕ್ಸ್ ಅಂತ ಇತ್ತು, ಅಂದರೆ ಇದ್ದ ವೇಗವೇ. ಪರದೆಯ ಮೂಲೆಯ ಗಡಿಯಾರ ಸರಿಯಾಗಿಯೇ ಓಡುತ್ತಿತ್ತು. ಹಿಂದೆ ಹಸು ಎಂದಿನ ಸೋಮಾರಿತನದಲ್ಲಿ ಬಾಲ ಬೀಸಿ ನೊಣ ಓಡಿಸುತ್ತಿತ್ತು.

ಅದು ಅಕ್ಕನ ಕೈಯದೇ ವೇಗ.

ಅವನು ಅದನ್ನು ಓಡಿಸದೆ, ಹಾರಿಸದೆ, ಆಂಬುಲೆನ್ಸಿನವರು ಒಳಗೆ ಬಂದು ಅವಳನ್ನು ಪಕ್ಕಕ್ಕೆ ಸರಿಸುವವರೆಗೂ ನೋಡಿದ. ಅಕ್ಕನ ಮುಡಿ ಬಿಚ್ಚಿತು, ಬಾಯಿ ತೆರೆಯಿತು, ಒಂದು ಸಲ ಪಕ್ಕಕ್ಕೆ ಬೀಳುವಂತಾಗಿ ಮತ್ತೆ ಸರಿಯಾದಳು, ಕೈ ಮಾತ್ರ ನಿಲ್ಲಲಿಲ್ಲ. ಅವನು ಬದುಕಿನಲ್ಲಿ ನೋಡಿದ ಅತಿ ಉದ್ದದ ಶಾಟ್ ಅದು. ನೋಡಿ ಮುಗಿಸಿ, ಒಳಗೆ ಹೋಗಿ ಡಾಕ್ಟರಿಗೆ ಹೊತ್ತು ಹೇಳಿ ಬಂದ. ಆಮೇಲೆ ಅಕ್ಕನ ಪಕ್ಕ ಕೂತು ಸಣ್ಣ ಮಗುವಿನ ಹಾಗೆ ಅತ್ತ. ಅವಳು ಗಾಬರಿಯಾದಳು.

"ಯಾಕೋ, ಡಾಕ್ಟ್ರು ಏನಂದ್ರು?"

"ಏನಿಲ್ಲ ಅಕ್ಕ. ನೀನು ಸರಿಯಾಗಿ ಒತ್ತಿದೀಯ."

ಭಾವನಿಗೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಪ್ರಜ್ಞೆ ಬಂತು. ಮೊದಲು ಹಸುವಿಗೆ ಹುಲ್ಲು ಹಾಕಿದಿರಾ ಎಂದು ಕೇಳಿದರು. ಆಮೇಲೆ ಎದೆ ಹಿಡಿದುಕೊಂಡು ಮುಖ ಕಿವುಚಿದರು.

"ಇಲ್ಲಿ ಬಲೇ ನೋವು. ಯಾರಾದ್ರೂ ಒದ್ರಾ ನಂಗೆ?"

ನರ್ಸು ಕೃಷ್ಣಮ್ಮನ ಕಡೆ ಕೈತೋರಿಸಿ, ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ, ವಾಸಿಯಾಗುತ್ತದೆ, ಹೀಗೆ ಒತ್ತಿದ್ದರಿಂದಲೇ ನೀವು ಉಳಿದದ್ದು ಎಂದಳು. ಭಾವ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದರು.

"ಮದ್ವೆ ಆದಾಗಿಂದ ಕಾಯ್ತಾ ಇದ್ಲು. ಕಡೆಗೂ ಸಮಯ ಸಿಕ್ತು."

ಕೃಷ್ಣಮ್ಮ ನಗುತ್ತಲೇ ಕಣ್ಣಿಗೆ ಸೆರಗು ಒತ್ತಿಕೊಂಡಳು. ಕಾರಿಡಾರಿಗೆ ಬಂದ ಮೇಲೆ ರಘುನಾಥ ಅವಳನ್ನು ತಡೆದು ನಿಲ್ಲಿಸಿ, ನಿನ್ನ ಕೈ ಮೊದಲು ತೇಲಿತ್ತು, ಕ್ಯಾಮೆರಾದಲ್ಲಿ ನೋಡಿದೆ, ಆಮೇಲೆ ಹೇಗೆ ಸರಿಹೋಯಿತು ಎಂದು ಕೇಳಿದ. ಅವಳಿಗೆ ಈಗ ಸ್ವಲ್ಪ ಸ್ವಲ್ಪ ನೆನಪಾಗುತ್ತಿತ್ತು.

"ನಿಮ್ ಭಾವನ ಕೈ ನನ್ ಮೊಣಕಾಲಿಗೆ ತಾಕ್ತು ಕಣೋ. ಧಾರೆ ಎರೀವಾಗ ಅದೇ ಕೈ ನಡುಗಿದ್ದು ಕಣ್ಮುಂದೆ ಬಂತು. ಈಗ ನಡುಗ್ತಾನೂ ಇರ್ಲಿಲ್ಲ. ನೀನು ಅವತ್ತು ಏಳಿದ್ಯಲ್ಲ, ನಾನು ಎಳೆದು ನಿಧಾನ ಮಾಡ್ದೆ ಅಂತ, ಅದು ಗ್ಯಾಪಕಕ್ಕೆ ಬಂತು. ಅಷ್ಟೇ ಗೊತ್ತು."

ಆ ಸಂಜೆ ಅವನು ಆಶಾರಾಣಿ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದ. ಅವರು ಕೇಳಿ, "ಅವರ ಕೈ ಹೆಂಗಿದೆ ಈಗ? ಉಪ್ಪು ಹಾಕಿದ ಬಿಸಿನೀರಲ್ಲಿ ಇಟ್ಕೊಳ್ಳೋಕೆ ಹೇಳಿ," ಅಂದರು.

ಬೀಸುವ ದೊಣ್ಣೆಯಿಂದ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಭಾವ ಮನೆಗೆ ಬಂದ ಮೇಲೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ನೆಂಟರೆಲ್ಲ ಸೇರಿದರು, ರಘುನಾಥ ಕ್ಯಾಮೆರಾ ತಂದ. ಪ್ರಸಾದಕ್ಕೆ ಮುಂಚೆ ಟಿವಿಯಲ್ಲಿ ಆ ವಿಕಾರ ವಿಡಿಯೋ ಹಾಕಿದಾಗ ಈ ಸಲ ಯಾರೂ ಅಪಶಕುನ ಎನ್ನಲಿಲ್ಲ. ದ್ರೌಪದಮ್ಮನಿಂದ ಹಿಡಿದು ಎಲ್ಲರೂ ದಿಂಬಿಗೆ ಸಾಲು ನಿಂತರು. ಅಶ್ವತ್ಥ್ ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದ.

"ಮಾವ, ಅವತ್ತಿನ ಸಿಸಿಟಿವಿ ಕ್ಲಿಪ್ ಇದೆಯಲ್ಲ. ಅದಕ್ಕೊಂದು ಮ್ಯೂಸಿಕ್ ಹಾಕಿ, ಸ್ವಲ್ಪ ಸ್ಲೋ ಮಾಡಿ ಕೊಡ್ತೀರಾ? ಅಮ್ಮನ ಹುಟ್ಟಿದಬ್ಬಕ್ಕೆ ಹಾಕೋಣ."

"ಅದೊಂದನ್ನ ಮುಟ್ಟಲ್ಲಪ್ಪ," ಅಂದ ರಘುನಾಥ.

ಪೂಜೆಯ ವಿಡಿಯೋ ಎಡಿಟ್ ಮಾಡಲು ಕೂತದ್ದು ಮರುವಾರ. ಭಾವ ಪಂಚೆಯುಟ್ಟು, ತೀರ್ಥದ ಬಟ್ಟಲು ಹಿಡಿದು, ದೇವರ ಮನೆಯಿಂದ ನಡುಮನೆಗೆ ಬರುವ ಶಾಟ್ ಬಂತು. ರಘುನಾಥನ ಕೈ ಅಭ್ಯಾಸದಂತೆ ಆ ಗುಂಡಿಯ ಹತ್ತಿರ ಹೋಯಿತು. ಪರದೆಯ ಮೇಲೆ ಭಾವ ಗೋಡೆ ಹಿಡಿದುಕೊಂಡು ಒಂದು ಹೆಜ್ಜೆ ಇಟ್ಟರು, ನಿಂತು ಉಸಿರು ತೆಗೆದುಕೊಂಡರು, ಹೆಂಡತಿಯ ಕಡೆ ನೋಡಿ ಏನೋ ಗೊಣಗಿದರು, ಇನ್ನೊಂದು ಹೆಜ್ಜೆ ಇಟ್ಟರು. ಬಟ್ಟಲು ನಡುಗಿ ತೀರ್ಥ ಚೆಲ್ಲಿತು. ಅವರೇ ಸಾಕಷ್ಟು ನಿಧಾನವಾಗಿ ನಡೆಯುತ್ತಿದ್ದರು. ರಘುನಾಥ ಕೈ ಹಿಂದಕ್ಕೆ ತೆಗೆದುಕೊಂಡು, ಭಾವ ನಡುಮನೆ ದಾಟುವವರೆಗೂ ಸುಮ್ಮನೆ ನೋಡುತ್ತ ಕೂತ.